ಎಂಟನೆಯ ದಿನದ ಹೆಸರು

ಕೊಫೊರಿಡುವಾ
೧೪ ಆಗಸ್ಟ್ ೨೦೧೬, ಭಾನುವಾರ

ಪ್ರಿಯ ಕ್ವಾಕು ಅವರಿಗೆ,

ಅಡ್ವೊವಾ ಮಾಡುವ ನಮಸ್ಕಾರಗಳು. ನೀವು, ವೀಡಾ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮಗಳು ಸೆರ್ವಾಳ ಮಗು ಈಗ ಓಡಾಡುತ್ತಿರಬೇಕು. ಈ ಸಲ ಕೊಕೊ ತೋಟಕ್ಕೆ ಮಳೆ ಹೊತ್ತಿಗೆ ಸರಿಯಾಗಿ ಬಂತೆಂದು ನಿಮ್ಮ ಕಡೆಯ ಡ್ರೈವರ್ ಹೇಳಿದ. ಅವನ ಕೈಯಲ್ಲೇ ಈ ಕಾಗದವನ್ನೂ ಇದರ ಜೊತೆಗಿನ ಪೊಟ್ಟಣವನ್ನೂ ಕಳಿಸುತ್ತಿದ್ದೇನೆ.

ಅಮ್ಮ ತೀರಿಕೊಂಡಾಗ ನೀವು ಕಳಿಸಿದ ಕಪ್ಪು ಬಟ್ಟೆಯೂ ಕಾಗದವೂ ಆಗಲೇ ತಲುಪಿದ್ದವು. ಉತ್ತರ ಬರೆಯಲಿಲ್ಲ. ಕೈತುಂಬ ಕೆಲಸವಿತ್ತು ಎಂದು ಬರೆಯಬಹುದು, ಆದರೆ ಅದನ್ನು ನೀವು ನಂಬುವುದಿಲ್ಲ. ಬರೆಯಲು ಕೂತರೆ ಏನೇನು ಬರೆದುಬಿಡುತ್ತೇನೋ ಎಂದು ಮುಂದೆ ಹಾಕುತ್ತಾ ಬಂದೆ. ಕ್ಷಮಿಸಿ. ಆ ಬಟ್ಟೆಯನ್ನು ಮುಟ್ಟಿ ನೋಡಿ ದೊಡ್ಡಮ್ಮ, "ಬೇರೆ ಆಗಿ ಇಷ್ಟು ವರ್ಷ ಆದ್ಮೇಲೂ ಬಟ್ಟೆ ಕಳ್ಸೋ ಗಂಡಸರು ಎಲ್ಲಿ ಸಿಗ್ತಾರೆ ಹೇಳು" ಎಂದರು. ನಿಮ್ಮನ್ನು ಹೊಗಳಿದರೋ ನನ್ನನ್ನು ಚುಚ್ಚಿದರೋ ತಿಳಿಯಲಿಲ್ಲ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಹಾಗೇ ಇದೆ.

ವಿಷಯ ಏನೆಂದರೆ, ನಾನೊಂದು ಪುಸ್ತಕ ಬರೆದಿದ್ದೇನೆ. ನಗಬೇಡಿ. ನಿವೃತ್ತಿಯಾದ ಮೇಷ್ಟರುಗಳಿಗೆಲ್ಲ ಬರುವ ಕಾಯಿಲೆ ಇದು. ನಿಮ್ಮ ಕಾಲದ ಹೆಡ್‌ಮಾಸ್ಟರು ಜೇನು ಸಾಕಲು ಹೋಗಿ ಮುಖ ಊದಿಸಿಕೊಂಡರಲ್ಲ, ಅದಕ್ಕಿಂತ ಇದು ವಾಸಿ. ಮೂರನೆಯ ತರಗತಿಯ ಮಕ್ಕಳಿಗೆಂದು ನಮ್ಮ ಟ್ವಿ ಭಾಷೆಯಲ್ಲಿ ಬರೆದ ಸಣ್ಣ ಕತೆ. ಎಂಟು ವರ್ಷದ ಹುಡುಗಿಯೊಬ್ಬಳು ಗುರುವಾರದ ಮಣಿ ಸಂತೆಗೆ ಅಮ್ಮನ ಜೊತೆ ಹೋಗುತ್ತಾಳೆ. ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳುತ್ತಾಳೆ. ಮಣಿಗೆ ತೂತು ಮೊದಲೋ ಮಣಿ ಮೊದಲೋ, ಸತ್ತವರ ಮಣಿ ಯಾರು ಹಾಕಿಕೊಳ್ಳುತ್ತಾರೆ, ಇಂಥವು. ಸಂತೆಯವರು ರೋಸಿಹೋಗಿ ಅವಳನ್ನು ಒಬ್ಬರಿಂದ ಒಬ್ಬರಿಗೆ ಸಾಗಹಾಕುತ್ತಾರೆ. ಅಷ್ಟೇ ಕತೆ. ಪುಸ್ತಕದ ಹೆಸರು 'ಅಸಾಬಿಯಾ ಕೇಳುತ್ತಾಳೆ'.

ಆ ಹುಡುಗಿಗೆ ಬೇರೆ ಹೆಸರಿಲ್ಲ. ಈ ಕಾಗದದ ಗಲಾಟೆಯೆಲ್ಲ ಆ ಹೆಸರಿನದೇ. ಅದು ಯಾಕೆ ಬೇಕಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಪುಸ್ತಕ ಅಚ್ಚು ಹಾಕಿದವನು ಒಬೆಂಗ್. ನನ್ನ ಹತ್ತಿರವೇ ಮೂರನೆಯ ತರಗತಿ ಓದಿದವನು. ಬೆಂಚಿನ ಕೆಳಗೆ ಕೂತು ಮಣ್ಣು ತಿನ್ನುತ್ತಿದ್ದ. ಈಗ ಬಸ್ ನಿಲ್ದಾಣದ ಹಿಂದೆ ಸಣ್ಣ ಪ್ರೆಸ್ ಇಟ್ಟುಕೊಂಡು ಸಾವಿನ ಪೋಸ್ಟರು, ಮದುವೆ ಕರೆಯೋಲೆ, ಚರ್ಚಿನ ಹಾಡಿನ ಪುಸ್ತಕ ಮುದ್ರಿಸುತ್ತಾನೆ. ಕತೆಪುಸ್ತಕ ಅವನಿಗೂ ಇದೇ ಮೊದಲು. ಹಸ್ತಪ್ರತಿ ಓದಿ ಅವನು ಹೇಳಿದ ಮೊದಲ ಮಾತೇ ಹೆಸರಿನದು.

"ಟೀಚರ್, ಕತೆ ಚೆನ್ನಾಗಿದೆ. ಆದ್ರೆ ಅಸಾಬಿಯಾ ಅಂದ್ರೆ ನಮ್ಮಜ್ಜಿ ಕಾಲದ ಹೆಸರು. ಈಗಿನ ಮಕ್ಕಳೆಲ್ಲ ಪ್ರಿನ್ಸೆಸ್ಸು, ಬ್ಲೆಸ್ಸಿಂಗು. ಹಲ್ಲು ಬಿದ್ದ ಮುದುಕಿ ಕತೆ ಅಂದ್ಕೋತಾರೆ."

"ಮುದುಕೀರಿಗೂ ಎಂಟು ವರ್ಷ ಆಗಿತ್ತಲ್ಲಪ್ಪ ಒಂದು ಕಾಲಕ್ಕೆ" ಎಂದೆ. ನನ್ನೆದುರು ಅವನಿಗೆ ಇವತ್ತಿಗೂ ವಾದ ಮಾಡಲು ಬರುವುದಿಲ್ಲ.

ಪುಸ್ತಕ ಬರೆಯುವುದು ಸುಲಭ, ಅದನ್ನು ಊರಿಗೆ ತೋರಿಸುವುದು ಕಷ್ಟ. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಬಿಡುಗಡೆಗೆ ಒಬ್ಬ ದೊಡ್ಡ ಮನುಷ್ಯ ಬೇಕು. ಅವನು ಮೊದಲ ಪ್ರತಿಯನ್ನು ಎಲ್ಲರೆದುರು ಎತ್ತಿ ಹಿಡಿದು, ಕೈ ಬಿಚ್ಚಿ ಕೊಂಡುಕೊಳ್ಳಬೇಕು. ಅವನನ್ನು ನೋಡಿ ಮಿಕ್ಕವರು ಕೊಳ್ಳುತ್ತಾರೆ. ದೊಡ್ಡ ಮನುಷ್ಯನಿಲ್ಲದ ಪುಸ್ತಕ ಅಂದರೆ ಅಪ್ಪನಿಲ್ಲದ ಮಗುವಿದ್ದ ಹಾಗೆ ಎಂದು ಒಬೆಂಗ್ ಹೇಳಿದ. ಸಾವಿನ ಪೋಸ್ಟರು ಮಾಡಿ ಮಾಡಿ ಅವನಿಗೆ ಮಾತು ಚೆನ್ನಾಗಿ ಬಂದಿದೆ.

ಅವನು ಹಿಡಿದು ತಂದ ದೊಡ್ಡ ಮನುಷ್ಯ ಬ್ರೆಂಪಾಂಗ್. ಚರ್ಚಿನ ಸಭೆಯ ಹಿರಿಯರು, ಮೂರು ಊರಲ್ಲಿ ಮೀನು, ಕೋಳಿಯ ಕೋಲ್ಡ್ ಸ್ಟೋರ್ ಇಟ್ಟವರು. ನನ್ನನ್ನೂ ಕರೆದುಕೊಂಡು ಹೋದ. ಹೊರಗೆ ಬಿಸಿಲು ಸುಡುತ್ತಿದ್ದರೆ ಆ ಮನುಷ್ಯ ಒಳಗೆ ಸ್ವೆಟರ್ ಹಾಕಿಕೊಂಡು ಕೂತಿದ್ದರು. ನನಗೆ ಒಂದು ಬಾಟಲಿ ತಣ್ಣನೆಯ ಮಾಲ್ಟ್ ಪಾನೀಯ ಕೊಟ್ಟರು. ಕುಡಿದೆ. ಕುಡಿಯಬಾರದಿತ್ತು.

ಅವರು ಹಸ್ತಪ್ರತಿ ಓದಿದ್ದರು, ಅದು ನನಗೆ ಆಶ್ಚರ್ಯ. ಬಿಡುಗಡೆಗೆ ತಾವೇ ಅಧ್ಯಕ್ಷರಾಗುವುದಾಗಿ ಹೇಳಿದರು. ಜಿಲ್ಲೆಯ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಿಗೆಲ್ಲ ಒಂದೊಂದು ಪ್ರತಿ ತಾವೇ ಕೊಡಿಸುವುದಾಗಿ ಹೇಳಿದರು. ಒಬೆಂಗ್ ಕುರ್ಚಿಯ ತುದಿಗೆ ಬಂದುಬಿಟ್ಟ. ಆಮೇಲೆ ಅವರು ಸ್ವೆಟರಿನ ತೋಳು ಎಳೆದುಕೊಂಡು ಮೆಲ್ಲಗೆ ಹೇಳಿದರು:

"ಟೀಚರಮ್ಮ, ನಂದೊಂದು ಆಸೆ. ಆ ಹುಡುಗಿಗೆ ನಮ್ಮಮ್ಮನ ಹೆಸರು ಇಡಿ. ಫ್ರೆಂಪೊಮಾ."

"ಅಮ್ಮನ ಹೆಸರು ಮೊಮ್ಮಗಳಿಗೆ ಇಟ್ಟಿಲ್ವಾ?" ಎಂದು ಕೇಳಿದೆ.

"ಇಡೋಕೆ ಹೆಣ್ಣು ಹುಟ್ಬೇಕಲ್ಲ. ನನಗೂ ಎಲ್ಲ ಗಂಡು, ನನ್ನ ಮಕ್ಕಳಿಗೂ ಎಲ್ಲ ಗಂಡು. ನಮ್ಮಮ್ಮ ಹೋದಾಗ ನಾನು ಚಿಕ್ಕೋನು. ಈಗ ನಮ್ಮನೇಲಿ ಆ ಹೆಸರು ಕೂಗೋಕೆ ಒಬ್ಬರೂ ಇಲ್ಲ. ನಿಮ್ಮ ಪುಸ್ತಕದಲ್ಲಾದ್ರೂ ಮಕ್ಕಳು ಕೂಗ್ಲಿ ಅಂತ."

ಜಂಬದಿಂದ ಕೇಳಿದ್ದರೆ ಅಲ್ಲೇ ಇಲ್ಲ ಎನ್ನುತ್ತಿದ್ದೆ. ಆ ಮನುಷ್ಯ ಹಾಗೆ ಕೇಳಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದುಬಂದೆ. ಅದೇ ತಪ್ಪಾಯಿತು. ನಮ್ಮಲ್ಲಿ ಹಿರಿಯರ ಮುಖಕ್ಕೆ ಇಲ್ಲ ಎನ್ನುವ ರೂಢಿಯಿಲ್ಲ, ಯೋಚನೆ ಮಾಡುತ್ತೇನೆ ಎಂದರೆ ಒಪ್ಪಿದ ಹಾಗೆ. ಮೇಲಾಗಿ ಅವರ ಮಾಲ್ಟ್ ಕುಡಿದು ಬಾಟಲಿ ಖಾಲಿ ಮಾಡಿದ್ದೆ.

ವಾರದೊಳಗೆ ಶಾಲೆಯ ಗೇಟಿನ ಮೇಲೆ ಬ್ಯಾನರು ಎದ್ದಿತು. ಒಂದು ಕಡೆ ನನ್ನ ಫೋಟೊ, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡದ್ದು. ಇನ್ನೊಂದು ಕಡೆ ಬ್ರೆಂಪಾಂಗ್ ಅವರದು, ನನ್ನದರ ಎರಡರಷ್ಟು. ನಡುವೆ ದಪ್ಪಕ್ಷರದಲ್ಲಿ 'ಫ್ರೆಂಪೊಮಾ ಕೇಳುತ್ತಾಳೆ'. ನಾನು ಈರುಳ್ಳಿ ತರಲು ಹೊರಟವಳು ಅಲ್ಲೇ ನಿಂತೆ. ಅಲ್ಲಿಂದ ಚೀಲ ಹಿಡಿದುಕೊಂಡೇ ಪ್ರೆಸ್ಸಿಗೆ ಹೋದೆ.

"ಟೀಚರ್, ಕೂತ್ಕೊಳ್ಳಿ, ನೀರು ಕುಡೀರಿ" ಎಂದ ಒಬೆಂಗ್. "ಮುಖಪುಟ ಇನ್ನೂ ಅಚ್ಚಾಗಿಲ್ಲ. ಒಳಗಿಂದು ಕಂಪ್ಯೂಟರಲ್ಲೇ ಇದೆ. ಒಂದೇ ಒಂದು ಸಲ ಒತ್ತಿದ್ರೆ ಎಲ್ಲ ಅಸಾಬಿಯಾನೂ ಹೋಗಿ ಎಲ್ಲ ಕಡೆ ಫ್ರೆಂಪೊಮಾ ಬರುತ್ತೆ. ನಿಮಗೇನೂ ತೊಂದ್ರೆ ಇಲ್ಲ."

"ಒತ್ತಿದ್ಯಾ?"

"ಸಂಜೆ ಒತ್ತೋಣ ಅಂತಿದ್ದೆ."

"ಒತ್ತಿದ್ರೆ ನಿನ್ನ ಕೈ ಮುರೀತೀನಿ" ಎಂದೆ. ಕ್ವಾಕು, ಮೂವತ್ತೈದು ವರ್ಷ ಪಾಠ ಹೇಳಿ ಒಂದು ಮಗುವಿನ ಮೇಲೂ ನಾನು ಕೈ ಎತ್ತಿದವಳಲ್ಲ. ಅವನಿಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ನಿಂತುಹೋಯಿತು.

"ಟೀಚರ್, ಒಂದು ಹೆಸರು ತಾನೇ. ಜಿಲ್ಲೆಗೆಲ್ಲ ಪುಸ್ತಕ ಹೋಗುತ್ತೆ. ಅವರು ಬಿಟ್ರೆ ಪುಸ್ತಕ ಎಲ್ಲಾ ನನ್ನ ಪ್ರೆಸ್ಸಲ್ಲೇ ಗೆದ್ದಲು ತಿನ್ಕೊಂಡು ಬಿದ್ದಿರುತ್ತೆ. ಯಾರು ಆ ಅಸಾಬಿಯಾ? ನಿಮ್ಮ ಅಜ್ಜೀನಾ?"

"ಅಲ್ಲ."

"ಮತ್ತೆ?"

ನಾನು ಖಾಲಿ ಚೀಲ ತೆಗೆದುಕೊಂಡು ಹೊರಟೆ.

ಬ್ರೆಂಪಾಂಗ್ ಅವರಿಗೆ ನಾನೇ ಹೋಗಿ ಇಲ್ಲ ಎಂದು ಹೇಳಿದೆ. ಅದನ್ನು ಒಬೆಂಗನ ತಲೆಗೆ ಕಟ್ಟುವುದು ಸರಿಯಲ್ಲ. ಈ ಸಲ ಮಾಲ್ಟ್ ಮುಟ್ಟಲಿಲ್ಲ. ಅವರು ಸಿಟ್ಟಾಗಲಿಲ್ಲ, ಮುಖ ಸಪ್ಪಗೆ ಮಾಡಿಕೊಂಡು ಕೇಳಿದರು: "ಆ ಹುಡುಗಿ ನಿಮಗೆ ಯಾರು ಟೀಚರಮ್ಮ?"

"ಯಾರೂ ಅಲ್ಲ" ಎಂದೆ. ಹಾಗೆ ಹೇಳಿ ಹೇಳಿ ರೂಢಿಯಾಗಿಬಿಟ್ಟಿದೆ.

"ಯಾರೂ ಅಲ್ಲದೋಳಿಗೋಸ್ಕರ ನಮ್ಮಮ್ಮನ್ನ ಹೊಸಿಲಾಚೆ ನಿಲ್ಲಿಸ್ತೀರಾ?"

ಉತ್ತರ ಇತ್ತು, ಆದರೆ ಮೀನಿನ ಪೆಟ್ಟಿಗೆಗಳ ನಡುವೆ ನಿಂತು ಹೇಳುವಂಥದಲ್ಲ. ಅಧ್ಯಕ್ಷತೆ ಹೋಯಿತು, ಶಾಲೆಗಳ ಪ್ರತಿ ಹೋಯಿತು. ಒಬೆಂಗ್ ಬ್ಯಾನರು ಇಳಿಸಿ, ನನ್ನೊಡನೆ ಮಾತು ಬಿಟ್ಟು, ಮುಖಪುಟವನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿದ. ಆದರೆ ಹೆಸರು ಸರಿಯಾಗಿ ಹಾಕಿದ. ಅಕ್ಷರವೂ ದೊಡ್ಡದಾಗಿತ್ತು.

ಇಷ್ಟಾದ ಮೇಲೆ ದೊಡ್ಡಮ್ಮ ಅಡ್ಡ ಬಂದರು. ಎಂಬತ್ತು ದಾಟಿದವರು, ಓದು ಬಾರದು. ಪುಸ್ತಕ ಪ್ರೆಸ್ಸಿನಿಂದ ಮನೆಗೆ ಬಂದ ದಿನ ಒಂದು ಪ್ರತಿಯನ್ನು ಮೂಸಿ ನೋಡಿ, "ಎಂಟನೇ ದಿನ ಹೊರಗೆ ತಂದು ಹೆಸರಿಡೋಣ" ಎಂದರು.

"ಇದು ಕೂಸಲ್ಲ ದೊಡ್ಡಮ್ಮ."

"ನಿನಗೆ ಇನ್ನೇನು ಹುಟ್ಟೋದಿದೆ ಈ ವಯಸ್ಸಲ್ಲಿ? ಸುಮ್ನಿರು. ದೊಡ್ಡ ಮನುಷ್ಯ ಬರದಿದ್ರೆ ನಾನಿದ್ದೀನಿ."

ಅವರ ಮಾತು ನಿಮಗೆ ಗೊತ್ತಲ್ಲ, ಬೆಣ್ಣೆ ಸವರಿ ಚಾಕು ಹಾಕುವುದಿಲ್ಲ, ಬರೀ ಚಾಕು. ಆದರೂ ಬೇಡ ಎನ್ನಲು ನನ್ನಿಂದಾಗಲಿಲ್ಲ. ಹಾಗಾಗಿ ನನ್ನ ಪುಸ್ತಕ ಬಿಡುಗಡೆ ಶಾಲೆಯ ಮೂರನೆಯ ತರಗತಿಯ ಕೋಣೆಯಲ್ಲಿ, ಬೆಳಗಾಗುತ್ತಲೇ, ಕೂಸಿಗೆ ಮಾಡುವ ಹಾಗೇ ನಡೆಯಿತು. ಹಳೆಯ ಮೇಡಂಗಳು ಬಿಳಿ ಬಟ್ಟೆ ಉಟ್ಟು ಬಂದರು. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು. ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಬ್ರೆಂಪಾಂಗ್ ಅವರು ಮಕ್ಕಳಿಗೆಂದು ಮೊದಲೇ ಒಪ್ಪಿಕೊಂಡಿದ್ದ ತಂಪು ಪಾನೀಯ ಮಾತ್ರ ಕಳಿಸಿದ್ದರು, ಮಾತಿಗೆ ತಪ್ಪದವರು.

ದೊಡ್ಡಮ್ಮ ಪುಸ್ತಕವನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಬೆರಳನ್ನು ನೀರಿನಲ್ಲಿ ಅದ್ದಿ ಮುಖಪುಟದ ಹುಡುಗಿಯ ತುಟಿಗೆ ಮುಟ್ಟಿಸಿ, "ನೀರಾದ್ರೆ ನೀರೇ ಅನ್ನು" ಎಂದರು. ಆಮೇಲೆ ಜಿನ್ನಿನಲ್ಲಿ ಅದ್ದಿ, "ಹೆಂಡ ಆದ್ರೆ ಹೆಂಡಾನೇ ಅನ್ನು" ಎಂದರು. ಇದ್ದದ್ದನ್ನು ಇದ್ದ ಹಾಗೇ ಹೇಳುವ ಬಾಯಾಗಲಿ ಎಂದು, ಮೂರು ಸಲ. ಕೂಸಿಗೆ ಇದರಿಂದ ಏನೂ ಆಗುವುದಿಲ್ಲ. ಒಬೆಂಗನ ಅಗ್ಗದ ಮಸಿಗೆ ಆಯಿತು. ಜಿನ್ನು ತಾಕಿದ್ದೇ ಹುಡುಗಿಯ ತುಟಿಯ ಬಣ್ಣ ಎದ್ದು ದೊಡ್ಡಮ್ಮನ ಬೆರಳಿಗೆ ಬಂತು. ಮಕ್ಕಳೆಲ್ಲ ಹೋ ಎಂದು ನಕ್ಕರು. ಒಬೆಂಗ್ ತಲೆ ಮೇಲೆ ಕೈ ಹೊತ್ತುಕೊಂಡ. ದೊಡ್ಡಮ್ಮನಿಗೆ ಕಾಣಿಸಲಿಲ್ಲ. ಕೆಂಪು ಬೆರಳನ್ನು ಎತ್ತಿ ಹಿಡಿದು, "ಕೂಸಿನ ಹೆಸರೇನು?" ಎಂದು ಕೇಳಿದರು.

ಹೆಸರು ಹೇಳಬೇಕಾದವನು ಅಪ್ಪ. ಅಪ್ಪ ಇರಲಿಲ್ಲ. ನಾನೇ ಹೇಳಿದೆ. "ಅಸಾಬಿಯಾ."

"ಕೇಳಿಸಲಿಲ್ಲ. ಏನು?"

"ಅಸಾಬಿಯಾ."

"ಗಟ್ಟಿಯಾಗಿ ಹೇಳೇ, ಸಾವಿನ ಮನೇಲಿ ಪಿಸುಗುಟ್ಟಿದಂಗೆ ಹೇಳ್ತೀಯಲ್ಲ."

ಮೂರನೆಯ ಸಲ ನಾನು ಕೂಗಿದೆ, ಮಕ್ಕಳೂ ನನ್ನ ಜೊತೆ ಕೂಗಿದರು. ಆ ಕೋಣೆಯ ತಗಡಿನ ಸೂರಿನಲ್ಲಿ ಅದು ಎಷ್ಟು ಹೊತ್ತು ಮೊಳಗಿತು ಎಂದರೆ, ಕಿಟಕಿಯ ಆಚೆ ಜೋಳದ ಕೆಂಕೆ ಉಂಡೆ ಮಾರುವ ಹೆಂಗಸು ಯಾರಾದರೂ ಕರೆದರೇ ಎಂದು ಇಣುಕಿದಳು. ನನಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಕರವಸ್ತ್ರ ಇಟ್ಟುಕೊಂಡಿದ್ದೆ, ಅದು ಒಬೆಂಗನ ಬೆವರು ಒರೆಸಲು ಆಯಿತು.

ಆಮೇಲಿನದು ಪ್ರಚಾರ. ಎಫ್‌ಎಂ ರೇಡಿಯೊದವನು ಕರೆಸಿ, ಮಧ್ಯೆ ಮಧ್ಯೆ ಸೊಳ್ಳೆಬತ್ತಿಯ ಜಾಹೀರಾತು ಹಾಕುತ್ತಾ ಮಾತಾಡಿಸಿದ. "ಮೇಡಂ, ಅಸಾಬಿಯಾ ಅಂದ್ರೆ ನೀವೇ ಅಲ್ವಾ?" ಎಂದು ಕೇಳಿದ. ಬರೆಯುವವರೆಲ್ಲ ತಮ್ಮ ಬಗ್ಗೆಯೇ ಬರೆಯುತ್ತಾರೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ಬಾಯಿ ಬಿಡುತ್ತಿರಲಿಲ್ಲ, ದೊಡ್ಡಮ್ಮನ ಭಯ ಎಂದೆ. ಅವನು ನಕ್ಕು ಮತ್ತೆ ಸೊಳ್ಳೆಬತ್ತಿ ಹಚ್ಚಿದ.

ಶಾಲೆ ಶಾಲೆಗೆ ಚೀಲ ಹೊತ್ತುಕೊಂಡು ಟ್ರೊಟ್ರೊ ವ್ಯಾನಿನಲ್ಲಿ ಹೋಗಿ ಓದಿ ಹೇಳುತ್ತೇನೆ. ಅರ್ಧ ಮಕ್ಕಳು ಕೇಳುತ್ತಾರೆ, ಅರ್ಧ ಮಕ್ಕಳು ನನ್ನ ಟೋಪಿ ನೋಡುತ್ತಾರೆ. ಹೋದ ವಾರ ಸುಹುಂ ಹತ್ತಿರದ ಒಂದು ಶಾಲೆಗೆ ಹೋಗಿದ್ದೆ. ನಾವಿಬ್ಬರೂ ಮೊದಲು ಕೆಲಸ ಮಾಡಿದ ಶಾಲೆಯಲ್ಲ, ಅದರ ಪಕ್ಕದ್ದು. ಓದಿ ಮುಗಿಸಿದ ಮೇಲೆ ಮುಂದಿನ ಹಲ್ಲಿಲ್ಲದ ಹುಡುಗಿಯೊಬ್ಬಳು ಕೈ ಎತ್ತಿ, "ಅಸಾಬಿಯಾಗೆ ಈಗ ಎಷ್ಟು ವಯಸ್ಸು?" ಎಂದಳು.

"ಮೂವತ್ತೊಂದು" ಎಂದೆ. ಬಾಯಿಂದ ಬಂದುಬಿಟ್ಟಿತು.

ಹೆಡ್‌ಮಿಸ್ಟ್ರೆಸ್ ನಕ್ಕು, "ಪುಸ್ತಕದಲ್ಲಿ ಎಂಟು ಅಂತ ಇದೆ ಮೇಡಂ" ಎಂದರು. ಹೌದು, ವಯಸ್ಸಾಯಿತು, ಮರೆವು ಎಂದೆ. ಆ ಹುಡುಗಿ ಒಪ್ಪಲಿಲ್ಲ. "ಹಂಗಾದ್ರೆ ಅವಳಿಗೆ ಮಕ್ಕಳಾಗಿದ್ಯಾ?" ಎಂದು ಕೇಳಿದಳು. ಅಸಾಬಿಯಾ ಇದ್ದಿದ್ದರೆ ಹಾಗೇ ಕೇಳುತ್ತಿದ್ದಳು.

ಪುಸ್ತಕ ಓಡುತ್ತಿದೆ ಎಂದು ಹೇಳಲಾರೆ. ನಡೆಯುತ್ತಿದೆ. ಪ್ರೆಸ್ಸಿನಲ್ಲಿ ಇನ್ನೂ ಗೋಡೆಯ ಎತ್ತರಕ್ಕೆ ಕಟ್ಟುಗಳಿವೆ. ಒಬೆಂಗ್ ಮತ್ತೆ ಮಾತಾಡಲು ಶುರುಮಾಡಿದ್ದಾನೆ, ಎರಡನೆಯ ಪುಸ್ತಕಕ್ಕೆ ದಪ್ಪ ರಟ್ಟು ಹಾಕುತ್ತಾನಂತೆ. ಬ್ರೆಂಪಾಂಗ್ ಅವರ ಮೊಮ್ಮಗ ಶಾಲೆಯಲ್ಲಿ ಒಂದು ಪ್ರತಿ ಕೊಂಡನಂತೆ. ತಾತನಿಗೆ ಓದಿ ಹೇಳುವಾಗ ಹುಡುಗಿಯ ಹೆಸರು ಬಂದಲ್ಲೆಲ್ಲ ಫ್ರೆಂಪೊಮಾ ಎಂದೇ ಓದಬೇಕಂತೆ. ದಾರಿಯಲ್ಲಿ ಸಿಕ್ಕಾಗ ಆ ಮನುಷ್ಯ ತಾವೇ ಹೇಳಿದರು, ತಪ್ಪಾಯಿತೇ ಎಂಬಂತೆ ನನ್ನನ್ನು ನೋಡಿದರು. "ಓದಿಸ್ಕೊಳ್ಳಿ, ಓದಿಸ್ಕೊಳ್ಳಿ" ಎಂದೆ. ಇಬ್ಬರೂ ಸ್ವಲ್ಪ ದೂರ ಜೊತೆಗೇ ನಡೆದೆವು.

ದೊಡ್ಡಮ್ಮ ನಿಮ್ಮನ್ನು ವಿಚಾರಿಸಿದ್ದಾರೆ. ಮೊಣಕಾಲಿಗೆ ಹಚ್ಚುವ ಷಿಯಾ ಬೆಣ್ಣೆ ನಿಮ್ಮ ಕಡೆ ಒಳ್ಳೆಯದು ಸಿಕ್ಕಿದರೆ ಇದೇ ಡ್ರೈವರ್ ಕೈಲಿ ಕಳಿಸಿ. ದೇವರು ನಿಮ್ಮ ತೋಟವನ್ನೂ ಮಕ್ಕಳು ಮರಿಗಳನ್ನೂ ಕಾಯಲಿ. ಸೆರ್ವಾಳ ಕೂಸಿಗೆ ನನ್ನ ಆಶೀರ್ವಾದ. ವೀಡಾಗೆ ನಮಸ್ಕಾರ ಹೇಳಿ, ಈ ಕಾಗದವನ್ನು ಅವಳು ಓದಿದರೂ ನನಗೆ ಬೇಸರವಿಲ್ಲ. ಕೆಳಗಿನದನ್ನು ಮಾತ್ರ ನೀವೊಬ್ಬರೇ ಓದಿ.

ಇಂತಿ,
ಅಡ್ವೊವಾ ಟಾಚಿವಾ

ಮರೆತಿದ್ದೆ: ಪೊಟ್ಟಣದಲ್ಲಿರುವುದು ಆ ದಿನದ ಮೊದಲ ಪ್ರತಿ, ತುಟಿಯ ಬಣ್ಣ ಹೋದದ್ದು. ಅದನ್ನು ಯಾರಿಗೂ ಕೊಡಲಿಲ್ಲ.

ನಮ್ಮ ಮಗು ಹುಟ್ಟಿದ ನಾಲ್ಕನೆಯ ದಿನ ನೀವು ಕೋಣೆಗೆ ಬಂದು ನನ್ನ ಕಿವಿಯಲ್ಲಿ ಆ ಹೆಸರು ಹೇಳಿದಿರಿ. ನಿಮ್ಮ ಅಜ್ಜಿಯ ಹೆಸರು. ಎಂಟನೆಯ ದಿನದವರೆಗೆ ಹೆಸರು ಬಾಯಿಗೆ ಬರಬಾರದು ಎಂದು ಗೊತ್ತಿದ್ದೂ ನಿಮಗೆ ತಡೆಯಲಾಗಲಿಲ್ಲ, ಅಷ್ಟು ಖುಷಿಯಲ್ಲಿದ್ದಿರಿ. ಏಳನೆಯ ದಿನ ಮಗು ತಣ್ಣಗಾಯಿತು. ದೊಡ್ಡಮ್ಮ ನಮಗಿಬ್ಬರಿಗೂ ಹಬ್ಬದ ಬಿಳಿ ಬಟ್ಟೆ ಉಡಿಸಿ, ನೆಲಗಡಲೆ ಸಾರಿನ ಊಟ ಬಡಿಸಿ, "ಹೆಸರಿಲ್ಲದ್ದು ಮಗೂನೇ ಅಲ್ಲ, ನೆಂಟರು ಬಂದ್ರು ಹೋದ್ರು, ಅಳಬಾರದು" ಎಂದರು. ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ಹೆಸರಿತ್ತು ಎಂದು ನಾನು ಹೇಳಲಿಲ್ಲ, ನೀವೂ ಹೇಳಲಿಲ್ಲ. ಇಬ್ಬರೂ ಆ ಸಾರು ಉಂಡೆವು. ಆಮೇಲೆ ನಮ್ಮಿಬ್ಬರ ನಡುವೆ ಆ ಹೆಸರು ಬರಲೇ ಇಲ್ಲ, ಮತ್ತೆ ಮಕ್ಕಳೂ ಆಗಲಿಲ್ಲ, ನಿಮ್ಮ ಮನೆಯವರು ಹೇಳಿದಂತೆ ನೀವು ಹೋದಿರಿ. ಅದಕ್ಕೆ ನನಗೆ ಸಿಟ್ಟಿಲ್ಲ.

ಆದರೆ ನಿಮಗೆ ಹೆಣ್ಣು ಮಗು ಹುಟ್ಟಿತೆಂದು ಕೇಳಿದಾಗ, ಎಂಟನೆಯ ದಿನ ಕಳೆಯುವವರೆಗೆ ನನಗೆ ಊಟ ಸೇರಲಿಲ್ಲ. ಸೆರ್ವಾ ಎಂದು ಇಟ್ಟಿರೆಂದು ಸುದ್ದಿ ಬಂತು. ಅವತ್ತಿನಿಂದ ನಿಮ್ಮನ್ನು ಒಂದೇ ಮಾತು ಕೇಳಬೇಕೆಂದಿದ್ದೇನೆ. ಆ ಹೆಸರು ನಮ್ಮ ಮಗುವಿನದು ಎಂದು ಯಾರಿಗೂ ಕೊಡದೆ ಇಟ್ಟಿರೋ, ಇಲ್ಲ ನಿಮಗೆ ಮರೆತೇ ಹೋಗಿತ್ತೋ?

ಪುಸ್ತಕದ ಮೊದಲ ಪುಟದಲ್ಲಿ 'ಈ ಪುಸ್ತಕ ಯಾರದು' ಎಂದು ಕೇಳಿ ಕೆಳಗೆ ಒಂದು ಗೆರೆ ಹಾಕಿದೆ, ಮಕ್ಕಳು ಹೆಸರು ಬರೆದುಕೊಳ್ಳಲೆಂದು. ಇದರಲ್ಲಿ ನಾನು ಏನೂ ಬರೆದಿಲ್ಲ. ಮರೆತಿದ್ದರೆ ಸೆರ್ವಾಳ ಕೂಸಿನ ಹೆಸರು ಬರೆದು ಅದಕ್ಕೆ ಕೊಡಿ, ಮುಂದೆ ಓದಿಕೊಳ್ಳಲಿ. ಮರೆತಿಲ್ಲವಾದರೆ ನಿಮ್ಮ ಕೈಯಲ್ಲೇ ನಮ್ಮ ಮಗಳ ಹೆಸರು ಬರೆದು ನನಗೆ ವಾಪಸು ಕಳಿಸಿ.